ಡೈನೋ ಮೇಲೆ ಕಾರು ಪವರ್ ಬಿಡದಿದ್ದಾಗ: ನನ್ನ ಅನುಭವ

ಟರ್ಬೊ ಪೆಟ್ರೋಲ್ ಎಂಜಿನ್, ರಿಯರ್ ವೀಲ್ ಡ್ರೈವ್, ಆಟೋಮ್ಯಾಟಿಕ್ ಗೇರ್. ರಸ್ತೆಯಲ್ಲಿ ಬಾಣದ ಹಾಗೆ ಹೋಗುವ ಕಾರು, ಡೈನೋ (ಚಕ್ರಗಳನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ 3,500 ಆರ್‌ಪಿಎಂ ದಾಟಲೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ, ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ತಾನಾಗಿಯೇ ಮುಚ್ಚಿಕೊಳ್ಳುತ್ತಿದೆ.

ಹಿಂದಿನ ಚಕ್ರ ಓಡುತ್ತಿದೆ, ಮುಂದಿನದು ನಿಂತಿದೆ. ಕಂಪ್ಯೂಟರ್‌ಗೆ ಕಾರು ಜಾರುತ್ತಿದೆ ಅಂತಲೇ ಅನಿಸುತ್ತದೆ, ಅಲ್ವಾ? ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಬಟನ್ ಒತ್ತಿ ಆಫ್ ಮಾಡಿದ್ದೆ. ಅದು ಸಾಲಲಿಲ್ಲ, ಕಾರು ಹಿಡಿತ ತಪ್ಪದಂತೆ ನೋಡಿಕೊಳ್ಳುವ ಸ್ಟೆಬಿಲಿಟಿ ಕಂಟ್ರೋಲ್ ಒಳಗೊಳಗೇ ಎಚ್ಚರವಾಗಿತ್ತು. ಸ್ಕ್ಯಾನರ್ ಹಾಕಿ, ಇವೆರಡನ್ನೂ ಪೂರ್ತಿ ಸುಮ್ಮನಿರಿಸುವ ಡೈನೋ ಮೋಡ್ ಆನ್ ಮಾಡಿದೆ. ಎಂಜಿನ್ ರೆಡ್‌ಲೈನ್‌ವರೆಗೂ (ಗರಿಷ್ಠ ಆರ್‌ಪಿಎಂ ಮಿತಿ) ಎಳೆಯಿತು.

ಆದರೆ ಎರಡನೇ ರನ್‌ನಲ್ಲಿ ಪವರ್ ಕಡಿಮೆ, ಮೂರನೆಯದರಲ್ಲಿ ಇನ್ನೂ ಕಡಿಮೆ. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಮುಟ್ಟಿದರೆ ಕೈ ಸುಡುತ್ತಿತ್ತು. ಎಂಜಿನ್ ಒಳಗೆ ಹೋಗುವ ಗಾಳಿ 34 ಡಿಗ್ರಿಯಿಂದ 62ಕ್ಕೆ ಏರಿತ್ತು. ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಲ್ಲಿ ತಾನಾಗಿ ಉರಿಯುವುದು) ಆಗಬಾರದು ಅಂತ ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಕಿಡಿ ಹೊತ್ತಿಸುವ ಸಮಯವನ್ನು ತಡ ಮಾಡುತ್ತಿತ್ತು, ಅದರಿಂದ ಪವರ್ ಇಳಿಯುತ್ತಿತ್ತು. ಅದರ ತಪ್ಪೇನೂ ಇಲ್ಲ. 150 ಕಿ.ಮೀ. ವೇಗದಲ್ಲಿ ಸಿಗುವ ಗಾಳಿಯನ್ನು ಒಂದು ಫ್ಯಾನ್ ಎಲ್ಲಿಂದ ಕೊಡಬೇಕು?

ಫ್ಯಾನ್ ಸುಮ್ನೆ ರೇಡಿಯೇಟರ್ ಕಡೆ ತಿರುಗಿತ್ತು. ಅದನ್ನು ತಗ್ಗಿಸಿ, ಇಂಟರ್‌ಕೂಲರ್‌ಗೆ ಗಾಳಿ ಹೋಗುವ, ಬಂಪರ್ ಕೆಳಗಿನ ಜಾಲರಿಗೆ ನೇರ ಹಿಡಿದೆ. ಗಾಳಿ ಪಕ್ಕಕ್ಕೆ ಸೋರದ ಹಾಗೆ ಎರಡೂ ಕಡೆ ದಪ್ಪ ರಟ್ಟು ನಿಲ್ಲಿಸಿದೆ. ಪ್ರತಿ ರನ್ ಆದಮೇಲೆ ಎಂಜಿನ್ ಒಳಗೆ ಹೋಗುವ ಗಾಳಿ 40 ಡಿಗ್ರಿಗಿಂತ ಕೆಳಗಿಳಿಯುವ ತನಕ ಕಾದೆ. ಪೆಡಲ್ ಕೊನೆಯ ಕ್ಲಿಕ್‌ವರೆಗೆ ಒತ್ತಿದರೆ ಗೇರ್ ಇಳಿದು ರನ್ ಹಾಳಾಗುತ್ತದೆ, ಹಾಗಾಗಿ ಅದಕ್ಕೆ ಸ್ವಲ್ಪ ಮೊದಲೇ ಕಾಲು ನಿಲ್ಲಿಸಿದೆ.

ಆಮೇಲಿನ ಮೂರು ರನ್‌ಗಳ ಪವರ್ ಗ್ರಾಫಿನ ಗೆರೆಗಳು ಒಂದರ ಮೇಲೊಂದು ಕೂತವು.