ಮ್ಯಾಕ್‌ಡೊವೆಲ್ ಕೌಂಟಿಯನ್ನು ಅಂಕಿಗಳಲ್ಲಿ ಹಿಡಿದಾಗ: ನನ್ನ ಅನುಭವ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯ ಮ್ಯಾಕ್‌ಡೊವೆಲ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಜನಜೀವನದ ಅಂಕಿಅಂಶ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಮೊದಲು ಬರೆದಿಟ್ಟುಕೊಂಡದ್ದು ಜನಗಣತಿಯ ನಾಲ್ಕು ಸಂಖ್ಯೆ. 1950ರಲ್ಲಿ 98,887. 1960ರಲ್ಲಿ 71,359. 1990ರಲ್ಲಿ 35,233. 2020ರಲ್ಲಿ 19,111. ನಮ್ಮ ಕಡೆಯ ಎಷ್ಟೋ ಹೋಬಳಿಗಳಲ್ಲೇ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಕಲ್ಲಿದ್ದಲು ಗಣಿಗಳಿಗೆ 1950ರ ದಶಕದಲ್ಲಿ ಯಂತ್ರಗಳು ಬಂದು ಆಳುಗಳ ಕೆಲಸ ಹೋಯಿತು. 1980ರ ದಶಕದಲ್ಲಿ ಗ್ಯಾರಿ ಊರಿನ ದೊಡ್ಡ ಗಣಿಗಳೂ ಮುಚ್ಚಿದವು. ದುಡಿಯುವ ವಯಸ್ಸಿನವರು ಊರು ಬಿಟ್ಟ ಮೇಲೆ ಹೆರಿಗೆಗಳೂ ಕಡಿಮೆಯಾದವು. ಈಗ ಅಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಹಾಗಾಗಿ ಜನಸಂಖ್ಯೆ ಇಳಿದದ್ದನ್ನೆಲ್ಲ ವಲಸೆಯ ಲೆಕ್ಕಕ್ಕೆ ಹಾಕದೆ, ಹುಟ್ಟು, ಸಾವು, ವಲಸೆ ಮೂರನ್ನೂ ಬೇರೆಬೇರೆಯಾಗಿ ತೋರಿಸಿದೆ.

ಇಂಥ ಸಣ್ಣ ಕೌಂಟಿಯಲ್ಲಿ ಶೇಕಡಾವಾರು ನೋಡುವ ಮೊದಲು ಛೇದ ನೋಡಬೇಕು. ಯಾರನ್ನು ಒಟ್ಟು ಎಂದು ಹಿಡಿದಿದ್ದಾರೆ? ಕೌಂಟಿ ಕೇಂದ್ರವಾದ ವೆಲ್ಚ್‌ನ ಆಸುಪಾಸಿನಲ್ಲೇ ಒಂದು ಫೆಡರಲ್ ಜೈಲಿದೆ, ರಾಜ್ಯದ ಜೈಲೊಂದಿದೆ. ಜನಗಣತಿ ಕೈದಿಗಳನ್ನು ಅವರ ಸ್ವಂತ ಊರಿನಲ್ಲಿ ಎಣಿಸುವುದಿಲ್ಲ, ಜೈಲಿರುವ ಜಾಗದಲ್ಲೇ ಎಣಿಸುತ್ತದೆ. ಹತ್ತೊಂಬತ್ತು ಸಾವಿರ ಜನರ ನಡುವೆ ಆ ಜೈಲುಗಳ ಗಂಡು ಕೈದಿಗಳು ಸೇರಿದರೆ ಗಂಡು-ಹೆಣ್ಣಿನ ಅನುಪಾತವೇ ಬದಲಾಗುತ್ತದೆ. ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಇಬ್ಬರನ್ನೂ ಕೂಡಿಸಿದರೆ 16 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಮಾತ್ರ ಎಂದು ಅಮೆರಿಕನ್ ಕಮ್ಯುನಿಟಿ ಸರ್ವೆ, ಅಂದರೆ ಜನಗಣತಿ ಇಲಾಖೆ ಕೆಲವು ಮನೆಗಳನ್ನಷ್ಟೇ ಆಯ್ದು ನಡೆಸುವ ಸಮೀಕ್ಷೆ, ಹೇಳುತ್ತದೆ. ಆ ಛೇದದಲ್ಲಿ ಕೈದಿಗಳೂ ಇದ್ದಾರೆ. ಬಡತನದ ಕೋಷ್ಟಕದಲ್ಲಿ ಮಾತ್ರ ಅವರಿಲ್ಲ. ಕಾರ್ಮಿಕ ಇಲಾಖೆಯ ನಿರುದ್ಯೋಗ ದರದಲ್ಲಿಯೂ ಇಲ್ಲ. ಅಂಗವೈಕಲ್ಯ ಪಿಂಚಣಿ ಪಡೆದು ಕೆಲಸ ಹುಡುಕುವುದನ್ನು ಬಿಟ್ಟ ಮಾಜಿ ಗಣಿ ಕಾರ್ಮಿಕ ಕೂಡ ನಿರುದ್ಯೋಗಿಗಳ ಲೆಕ್ಕಕ್ಕೆ ಬರುವುದಿಲ್ಲ. ನಿರುದ್ಯೋಗ ದರವೊಂದನ್ನೇ ಮುಂದಿಟ್ಟು ಈ ಜನರ ಸ್ಥಿತಿ ಹೇಳುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬುತ್ತೇನೆ. ಅದಕ್ಕೇ ಪ್ರತಿ ಕೋಷ್ಟಕದ ತಲೆಯ ಮೇಲೆ ‘ಇದರಲ್ಲಿ ಯಾರು ಸೇರಿದ್ದಾರೆ’ ಎಂಬ ಸಾಲೊಂದನ್ನು ಹಾಕಿದೆ.

ಸಮೀಕ್ಷೆಯದು ಇನ್ನೊಂದು ತೊಡಕು. 65,000ಕ್ಕಿಂತ ಕಡಿಮೆ ಜನರಿರುವ ಜಾಗಗಳಿಗೆ ಒಂದು ವರ್ಷದ ಅಂದಾಜು ಸಿಗುವುದಿಲ್ಲ, ಐದು ವರ್ಷಗಳದ್ದನ್ನು ಕೂಡಿಸಿ ಕೊಡುತ್ತಾರೆ. ಇದೇ ಕೌಂಟಿಯ ಕಿಂಬಾಲ್ ಊರಿನ ವಾಲ್‌ಮಾರ್ಟ್ ಎಂಬ ದೊಡ್ಡ ಮಳಿಗೆ 2016ರ ಜನವರಿಯಲ್ಲಿ ಮುಚ್ಚಿತು. ಅದರ ಪರಿಣಾಮವನ್ನು ಐದು ವರ್ಷದ ಸರಾಸರಿಯಲ್ಲಿ ಹುಡುಕಲು ಹೋದರೆ ಹಿಂದಿನ ಮತ್ತು ಮುಂದಿನ ವರ್ಷಗಳೆಲ್ಲ ಕಲಸಿಹೋಗಿರುತ್ತವೆ.

ಜೊತೆಗೆ ದೋಷದ ಅಂಚು, ಅಂದರೆ ಅಂದಾಜು ನಿಜ ಸಂಖ್ಯೆಗಿಂತ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬ ಅಳತೆ. ಇದನ್ನು 90 ಶೇಕಡಾ ವಿಶ್ವಾಸ ಮಟ್ಟದಲ್ಲಿ ಕೊಟ್ಟಿರುತ್ತಾರೆ, 1.645ರಿಂದ ಭಾಗಿಸಿದರೆ ಪ್ರಮಾಣಿತ ದೋಷ ಸಿಗುತ್ತದೆ. ಉದಾಹರಣೆಗೆ ಒಂದು ಅಂದಾಜು 120, ಅಂಚು 80 ಎಂದಿಟ್ಟುಕೊಳ್ಳಿ. ಪ್ರಮಾಣಿತ ದೋಷ ಸುಮಾರು 49, ಅಂದರೆ ಅಂದಾಜಿನ 40 ಶೇಕಡಾ. ಇಂಥ ಸಂಖ್ಯೆಯನ್ನು ವರದಿಯ ತಲೆಬರಹಕ್ಕೆ ಏರಿಸಬಾರದು. ವಯಸ್ಸಿನ ಗುಂಪುಗಳನ್ನು ಒಟ್ಟುಗೂಡಿಸಿ ದೋಷ ಇಳಿಸಿದೆ. ಆಗಲೂ ಇಳಿಯದಿದ್ದಲ್ಲಿ ಜಾಗ ಖಾಲಿ ಬಿಟ್ಟೆ. ‘ಏನಾದರೂ ಒಂದು ಸಂಖ್ಯೆ ಹಾಕಿ’ ಎಂಬ ಒತ್ತಾಯ ಬಂದೇ ಬರುತ್ತದೆ, ಒಪ್ಪಬೇಡಿ.

ಸಾವಿನ ಅಂಕಿಗಳಲ್ಲಿ ಹೆಚ್ಚು ಹೊತ್ತು ಕಳೆದೆ. ಸಾವುಗಳ ಸಂಖ್ಯೆ ಒಂದರಿಂದ ಒಂಬತ್ತರೊಳಗಿದ್ದರೆ ಅದನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ತನ್ನ ಸಾರ್ವಜನಿಕ ದತ್ತಾಂಶದಲ್ಲಿ ಮರೆಮಾಡುತ್ತದೆ. ಕುಟುಂಬಗಳ ಗುರುತು ಬಯಲಾಗಬಾರದು ಎಂಬುದು ಕಾರಣ, ಅದು ಸರಿಯೇ. ಹಲವು ವರ್ಷಗಳನ್ನು ಕೂಡಿಸದೆ ಬೇರೆ ದಾರಿಯಿಲ್ಲ. ಕಳೆದ ದಶಕದ ಆರಂಭದ ಲೆಕ್ಕದಲ್ಲಿ ಇಲ್ಲಿನ ಗಂಡಸರ ಸರಾಸರಿ ಆಯುಸ್ಸು ಸುಮಾರು 64, ಹೆಂಗಸರದ್ದು 73. ಅದೇ ಹೊತ್ತಿಗೆ ಪಕ್ಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ 82 ಮತ್ತು 85. ಇದನ್ನು ಓದಿದವರು ‘ಅಲ್ಲಿ ಗಂಡಸರೆಲ್ಲ 64ಕ್ಕೆ ಸಾಯುತ್ತಾರೆ’ ಎಂದುಕೊಳ್ಳುತ್ತಾರೆ. ಹಾಗಲ್ಲ. ಎಂಬತ್ತು ದಾಟಿದವರು ಅಲ್ಲಿಯೂ ಇದ್ದಾರೆ. ಮೂವತ್ತು, ನಲವತ್ತರಲ್ಲೇ ನೋವುಮಾತ್ರೆಗಳ ಚಟಕ್ಕೆ, ಮಾದಕವಸ್ತುವಿನ ಅತಿಸೇವನೆಗೆ ಬಲಿಯಾದವರು ಆ ಸರಾಸರಿಯನ್ನು ಕೆಳಗೆಳೆಯುತ್ತಾರೆ. ಆದ್ದರಿಂದ ಆಯುಸ್ಸಿನ ಸರಾಸರಿಯ ಪಕ್ಕದಲ್ಲೇ ವಯಸ್ಸುವಾರು ಮರಣ ದರದ ರೇಖಾನಕ್ಷೆ ಇಟ್ಟೆ. ತಡೆಯಬಹುದಾಗಿದ್ದ ಸಾವುಗಳು ಯಾವ ವಯಸ್ಸಿನವು ಎಂಬುದು ಕಾಣದಿದ್ದರೆ ಆರೋಗ್ಯ ಇಲಾಖೆ ಹಣವನ್ನು ಎಲ್ಲಿಗೆ ಹಾಕಬೇಕು?

ನೀರಿನ ವಿಷಯ ಕೊನೆಗೆ ಬಂತು. ಮನೆಯಲ್ಲಿ ಬಿಸಿ-ತಣ್ಣೀರಿನ ನಲ್ಲಿ ಇದೆಯೇ, ಸ್ನಾನದ ತೊಟ್ಟಿ ಅಥವಾ ಶವರ್ ಇದೆಯೇ ಎಂದು ಸಮೀಕ್ಷೆ ಕೇಳುತ್ತದೆ. ಆ ನೀರು ಕುಡಿಯಲು ಯೋಗ್ಯವೇ ಎಂದು ಕೇಳುವುದಿಲ್ಲ. ಗಣಿ ಕಂಪನಿಗಳು ಹಾಕಿಹೋದ ಹಳೆಯ ಪೈಪುಗಳ ನೀರನ್ನು ನಂಬದೆ, ರಸ್ತೆ ಬದಿಯಲ್ಲಿ ಬೆಟ್ಟದಿಂದ ಬರುವ ಒರತೆಗೆ ಕ್ಯಾನ್ ಹಿಡಿಯುವ ಮನೆಗಳು ಅಲ್ಲಿವೆ. ಸಮೀಕ್ಷೆಯ ಪ್ರಕಾರ ಅವೂ ಸಕಲ ಸೌಕರ್ಯದ ಮನೆಗಳೇ. ಹಾಗಾಗಿ ವಸತಿ ಕೋಷ್ಟಕದ ಜೊತೆಗೆ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿರುವ ಕುಡಿಯುವ ನೀರಿನ ನಿಯಮ ಉಲ್ಲಂಘನೆಗಳ ದಾಖಲೆಯನ್ನು ಊರುವಾರು ಸೇರಿಸಿದೆ. ಇಂಥ ಕೌಂಟಿಯ ವರದಿ ಬರೆಯುವವರು ಆ ದಾಖಲೆಯನ್ನು ಮೊದಲ ದಿನವೇ ಇಳಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ನೀರು ಸರಬರಾಜಿನ ಘಟಕಗಳ ಹೆಸರುಗಳಿರುತ್ತವೆ, ಅವನ್ನು ಊರುಗಳಿಗೆ ಹೊಂದಿಸುವುದಕ್ಕೇ ಸಾಕಷ್ಟು ಸಮಯ ಬೇಕು.