ಮೊಟ್ಟೆ ಸಿಪ್ಪೆ, ಮಿರ್ಚಿ ಎಣ್ಣೆ, ಧಾರವಾಡದ ಮಳೆ

ಎಗ್ ರೈಸ್ ಗಾಡಿಯವರ ಹತ್ತಿರ ಹೋಗಿ ಮೊಟ್ಟೆ ಸಿಪ್ಪೆ ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಬಕೆಟ್ಟನ್ನೇ ಎತ್ತಿ ಕೊಡುತ್ತಾರೆ. ಧಾರವಾಡದಲ್ಲಿ ಪಿಎಚ್‌ಡಿ ಮಾಡುವಾಗ ನಾನು ಹಾಗೆ ತಂದ ಸಿಪ್ಪೆಯಿಂದಲೇ ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ನಿನ ವೇಗ ಹೆಚ್ಚಿಸುವ ಪುಡಿ, ಮಾಡುತ್ತಿದ್ದೆ. ಮಿರ್ಚಿ ಕರಿದು ಉಳಿದ ಎಣ್ಣೆಗೆ ಮೆಥನಾಲ್ ಸೇರಿಸಿ ಬಯೋಡೀಸೆಲ್ ಮಾಡೋದು, ಆ ರಿಯಾಕ್ಷನ್ ಎಷ್ಟು ವೇಗವಾಗಿ ಸಾಗುತ್ತದೆ ಅಂತ ಅಳೆಯೋದು ನನ್ನ ಕೆಲಸ.

ಸಿಪ್ಪೆಯ ಒಳಗಿನ ತೆಳು ಪೊರೆ ಸುಲಿಯಬೇಕು. ಮೊದಲ ಸಲ ಸುಲಿಯದೆ ಹಾಗೇ ಸುಟ್ಟೆ. ಕೂದಲು ಸುಟ್ಟ ವಾಸನೆ ಕಾರಿಡಾರ್ ತುಂಬ ಹಬ್ಬಿ ಎಲ್ಲರ ಹತ್ತಿರ ಬೈಸಿಕೊಂಡೆ. ಆಮೇಲಿಂದ ತೊಳೆದು, ಸುಲಿದು, ಒಣಗಿಸಿ, ಪುಡಿ ಮಾಡಿ, ಮಫಲ್ ಫರ್ನೇಸ್ ಅನ್ನೋ ಲ್ಯಾಬಿನ ಕುಲುಮೆಯಲ್ಲಿ 900 ಡಿಗ್ರಿಗೆ ನಾಲ್ಕು ಗಂಟೆ. ಸಿಪ್ಪೆ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟ್. ಕಾಯಿಸಿದಾಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ, ಉಳಿಯುತ್ತದೆ. 100 ಗ್ರಾಂ ಇಟ್ಟರೆ 56 ಗ್ರಾಂ ಆಸುಪಾಸು ಸಿಗಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಒಳಗೆ ಇನ್ನೂ ಬೆಂದಿಲ್ಲ ಅಂತ.

ಎಣ್ಣೆಯನ್ನೂ ನಂಬುವ ಹಾಗಿಲ್ಲ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಆಮ್ಲ ಏರಿರುತ್ತದೆ. ಅದಕ್ಕೆ ಸುಣ್ಣ ಬಿದ್ದರೆ ಡೀಸೆಲ್ ಬದಲು ಸಾಬೂನು. ಪ್ರತಿ ಕ್ಯಾನಿಗೂ ಟೈಟ್ರೇಶನ್ ಮಾಡಿ, ಆಮ್ಲ ಎಷ್ಟಿದೆ ಅಂತ ನೋಡಿಯೇ ಒಳಗೆ ಬಿಡುತ್ತಿದ್ದೆ.

65 ಡಿಗ್ರಿ, ಎಣ್ಣೆಯ ಒಂದು ಮೋಲ್‌ಗೆ ಮೆಥನಾಲ್ 12 ಮೋಲ್ (ಮೋಲ್ ಅಂದರೆ ಅಣುಗಳ ಲೆಕ್ಕ), ಮೇಲೆ ಆವಿಯನ್ನು ತಣಿಸಿ ಮತ್ತೆ ಕೆಳಗಿಳಿಸುವ ಕಂಡೆನ್ಸರ್. ಎಣ್ಣೆ, ಮೆಥನಾಲ್ ಒಂದಕ್ಕೊಂದು ಬೆರೆಯೋದಿಲ್ಲ, ನಡುವೆ ಪುಡಿ ಬೇರೆ. ಕಲಕುವ ವೇಗ ಕಡಿಮೆ ಇದ್ದರೆ ನಾವು ಅಳೆಯೋದು ರಿಯಾಕ್ಷನ್ ಅಲ್ಲ, ಬರೀ ಕಲಕೋದನ್ನೇ. ಅದಕ್ಕೆ ವೇಗ ಏರಿಸುತ್ತಾ ಹೋದೆ. ನನ್ನ ಫ್ಲಾಸ್ಕಿನಲ್ಲಿ 600 ಆರ್‌ಪಿಎಂ ದಾಟಿದ ಮೇಲೆ ಫಲಿತಾಂಶ ಬದಲಾಗಲಿಲ್ಲ. ಇನ್ನೇನು, ಎಲ್ಲಾ ಸರಿ ಅಂದುಕೊಂಡೆ.

ಜೂನ್ ಬಂತು. ಅದೇ ಪುಡಿ, ಅದೇ ಎಣ್ಣೆ. ಮೊದಲ ವಾರ ಮೂರು ಗಂಟೆಯಲ್ಲಿ ಹೆಚ್ಚುಕಡಿಮೆ ಮುಗಿಯುತ್ತಿದ್ದ ರಿಯಾಕ್ಷನ್ ಮೂರನೇ ವಾರ ಅರ್ಧಕ್ಕೇ ನಿಂತಿತು. ಥರ್ಮಾಮೀಟರ್ ಬದಲಿಸಿದೆ. ಎಷ್ಟು ಬಯೋಡೀಸೆಲ್ ಆಗಿದೆ ಅಂತ ಅಳೆಯುವ ಜಿಸಿ ಮಷೀನನ್ನು ಬೈದೆ. ಸುಮ್ನೆ ಒಂದು ತಿಂಗಳು ಹೋಯಿತು. ಕೊನೆಗೆ ಗೈಡ್ ಸರ್, "ತಾರೀಖ ಹಿಡದು ಗ್ರಾಫ್ ಹಾಕಿ ನೋಡಪಾ" ಅಂದರು. ಹಾಕಿದೆ. ಗೆರೆ ದಿನಾ ಜಾರುತ್ತಾ ಬಂದು, ಹೊಸದಾಗಿ ಸಿಪ್ಪೆ ಸುಟ್ಟ ದಿನ ಟಣ್ಣನೆ ಮೇಲೆ ಹಾರಿ, ಮತ್ತೆ ಜಾರುತ್ತಿತ್ತು.

ಆ ಭಾನುವಾರ ಗದಗಿಗೆ ಹೋದಾಗ ಊಟಕ್ಕೆ ಕೂತು ಅವ್ವನ ಮುಂದೆ ಇದನ್ನೇ ಗೋಳಾಡಿದೆ. "ಸುಟ್ಟ ಸುಣ್ಣ ಗಾಳಿಗಿ ಇಟ್ರ ಅರಳಿ ಹಿಟ್ಟ ಆಗತೈತಿ. ಅಷ್ಟೂ ಗೊತ್ತಿಲ್ಲೇನ ನಿನಗ?" ಅಂದಳು, ರೊಟ್ಟಿ ತಟ್ಟುತ್ತಲೇ.

ಗೊತ್ತಿತ್ತು. ಆದರೆ ಬಾಟಲಿಗೆ 'ಕ್ಯಾಟಲಿಸ್ಟ್' ಅಂತ ಚೀಟಿ ಅಂಟಿಸಿದ ಮೇಲೆ ಅದು ಸುಣ್ಣ ಅನ್ನೋದೇ ಮರೆತಿತ್ತು. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುತ್ತಿದ್ದೆ, ಅದೂ ಕಿಟಕಿ ಪಕ್ಕ. ಎಕ್ಸ್‌ಆರ್‌ಡಿ ಅನ್ನೋ ಎಕ್ಸ್-ರೇ ಪರೀಕ್ಷೆ ಮಾಡಿಸಿದರೆ 18, 34 ಡಿಗ್ರಿ ಕೋನದ ಹತ್ತಿರ ಅರಳಿದ ಸುಣ್ಣದ ಪೀಕ್‌ಗಳು ಎದ್ದು ನಿಂತಿದ್ದವು. ಆಮೇಲೆ ಹುಡುಕಿದಾಗ ಸ್ಪೇನಿನ ಗ್ರಾನಾಡೋಸ್ ತಂಡ 2007ರಲ್ಲೇ ಇದನ್ನು ಬರೆದಿತ್ತು. ಗಾಳಿಯ ತೇವ, ಕಾರ್ಬನ್ ಡೈಆಕ್ಸೈಡ್ ಎರಡೂ ಈ ಪುಡಿಯ ಮೇಲ್ಮೈಯನ್ನು ಕೆಡಿಸುತ್ತವೆ, 700 ಡಿಗ್ರಿಗೆ ಕಾಯಿಸಿದರೆ ಶಕ್ತಿ ಮರಳುತ್ತದೆ ಅಂತ. ಮೊದಲೇ ಓದಬೇಕಿತ್ತು, ಅಲ್ವಾ?

ಈಗ ಪ್ರತಿ ಪ್ರಯೋಗಕ್ಕೂ ಬೆಳಿಗ್ಗೆ ಬೇಕಾದಷ್ಟೇ ಪುಡಿಯನ್ನು ಮತ್ತೆ ಕಾಯಿಸುತ್ತೇನೆ. ಡೆಸಿಕೇಟರ್‌ ಅನ್ನೋ ತೇವ ತಾಗದ ಮುಚ್ಚಿದ ಪಾತ್ರೆಯಲ್ಲಿ ತಣಿಸಿ, ತೂಗಿ, ಹೊತ್ತು ಕಳೆಯದೆ ಮೆಥನಾಲಿಗೆ ಹಾಕುತ್ತೇನೆ. ಜೂನ್, ಜುಲೈನ ಅಂಕಿಗಳನ್ನೆಲ್ಲ ಥೀಸಿಸ್‌ನಿಂದ ಕಿತ್ತು ಹಾಕಿದೆ. ಹೊಟ್ಟೆ ಉರಿಯಿತು.

ಇನ್ನೊಂದು ತಲೆನೋವು ಉಳಿದಿದೆ. ರಿಯಾಕ್ಷನ್ನಿನ ನಡುವೆಯೇ, ಬಿಸಿಯಿದ್ದಾಗಲೇ ಪುಡಿ ಸೋಸಿ ತೆಗೆದು, ದ್ರವವನ್ನಷ್ಟೇ ಕಲಕುತ್ತಾ ಬಿಟ್ಟೆ. ರಿಯಾಕ್ಷನ್ ನಿಲ್ಲಲಿಲ್ಲ, ನಿಧಾನವಾಗಿ ಮುಂದುವರಿಯಿತು. ಸ್ವಲ್ಪ ಕ್ಯಾಲ್ಸಿಯಂ ಕರಗಿ ಅದೂ ಕೆಲಸ ಮಾಡುತ್ತಿದೆ. ಅದರ ಪಾಲೆಷ್ಟು, ಪುಡಿಯ ಪಾಲೆಷ್ಟು ಅಂತ ಈ ಮಳೆಗಾಲ ಅಳೆಯುತ್ತಿದ್ದೇನೆ, ಕಿಟಕಿ ಮುಚ್ಚಿಕೊಂಡು.