ಮನೇಲಿ ವೈಫೈ ಇದ್ದರೂ ಡೇಟಾ ಖಾಲಿಯಾಗುತ್ತಾ? ಮೊದಲು ಸೋರಿಕೆ ನಿಲ್ಲಿಸಿ

"ಮನೇಲಿ ವೈಫೈ ಐತೆ. ನಾನೂ ಮನೇಲೇ ಇರ್ತೀನಿ. ಆದ್ರೂ ದಿನದ ಡೇಟಾ ಅರ್ಧ ಮುಗೀತು ಅಂತ ಮೆಸೇಜ್ ಬತ್ತದಲ್ಲ, ಯಾಕಪ್ಪ?"

ಮಂಡ್ಯದ ನಮ್ಮ ದೊಡ್ಡಪ್ಪ ಹೀಗೆ ಕೇಳಿದಾಗ ಫೋನ್ ಇಸ್ಕೊಂಡು ನೋಡಿದೆ. ವೈಫೈ ಆನ್ ಇತ್ತು. ಅದರ ಪಕ್ಕದಲ್ಲೇ ಮೊಬೈಲ್ ಡೇಟಾನೂ ಆನ್ ಇತ್ತು. ತಿಂಗಳಾ ತಿಂಗಳಾ ವೈಫೈ ಬಿಲ್ ಕಟ್ಟುತ್ತಿದ್ದರು, 28 ದಿನಕ್ಕೊಮ್ಮೆ ಡೇಟಾ ಪ್ಯಾಕಿಗೂ ಕರೆನ್ಸಿ ಹಾಕಿಸುತ್ತಿದ್ದರು. ಮೈಸೂರಿನಲ್ಲಿ ನಮ್ಮ ನೆಂಟರ ಮನೆಗಳಲ್ಲೂ ಇದೇ ಕತೆ. ಪೆನ್ಷನ್ ದುಡ್ಡು ಹೀಗೆ ಎರಡು ಕಡೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ವೈಫೈಗೆ ಸೇರುವುದು ಸುಲಭ. ಪಾಸ್‌ವರ್ಡ್ ಹಾಕಿ, ಇಲ್ಲವೇ ಮನೆಯವರ ಫೋನಿನ ವೈಫೈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಅಷ್ಟೇ.

ಎಲ್ಲರೂ ಎಡವುವುದು ಇದರ ಮುಂದೆ. ವೈಫೈ ಗುರುತು ಕಾಣಿಸಿದ ಮಾತ್ರಕ್ಕೆ ನೆಟ್ ವೈಫೈಯಿಂದಲೇ ಬರುತ್ತಿದೆ ಅಂತ ಅಂದುಕೊಳ್ಳಬೇಡಿ. ವೈಫೈ ಸ್ವಲ್ಪ ನಿಧಾನವಾದರೆ ಸಾಕು, ಎಷ್ಟೋ ಫೋನುಗಳು ನಿಮ್ಮನ್ನು ಕೇಳದೆ ಸಿಮ್ಮಿನ ಡೇಟಾಗೆ ಜಿಗಿಯುತ್ತವೆ. ವಿಡಿಯೊ ನಿಲ್ಲದೆ ಓಡಲಿ ಅಂತ ಕಂಪನಿಗಳು ಮಾಡಿರುವ ವ್ಯವಸ್ಥೆ ಅದು. ದೊಡ್ಡಪ್ಪ ಮಲಗುವುದು ಹಿಂದಿನ ಕೋಣೆಯಲ್ಲಿ. ರೂಟರಿಗೂ ಅವರ ಮಂಚಕ್ಕೂ ನಡುವೆ ಎರಡು ಗೋಡೆ. ರಾತ್ರಿ ಅಲ್ಲಿ ಮಲಗಿಕೊಂಡು ಪೌರಾಣಿಕ ನಾಟಕದ ವಿಡಿಯೊ ನೋಡುತ್ತಾರೆ. ಸೋರುತ್ತಿದ್ದದ್ದು ಅಲ್ಲೇ.

ಹಾಗಾಗಿ ಮೊದಲ ಕೆಲಸ, ಮೊಬೈಲ್ ಡೇಟಾ ಆಫ್ ಮಾಡಿ. ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದರೆ ಆ ಬಟನ್ ಸಿಗುತ್ತದೆ. ಎರಡು ಸಿಮ್ ಇದ್ದರೆ ಸೆಟ್ಟಿಂಗ್ಸ್ ಒಳಗೆ ಹೋಗಿ ಎರಡೂ ಸಿಮ್ಮಿನ ಡೇಟಾ ಆಫ್ ಆಗಿದೆಯಾ ನೋಡಿ. ಒಂದು ಸಿಮ್ಮಿನಿಂದ ಇನ್ನೊಂದಕ್ಕೆ ಡೇಟಾ ತಾನೇ ಬದಲಾಗುವ ಸೌಲಭ್ಯವೂ ಕೆಲವು ಫೋನಿನಲ್ಲಿ ಇರುತ್ತದೆ, ಅದನ್ನೂ ತೆಗೆಯಿರಿ. ಏರೋಪ್ಲೇನ್ ಮೋಡ್ ಮಾತ್ರ ಮುಟ್ಟಬೇಡಿ. ನಮ್ಮತ್ತೆ ಒಮ್ಮೆ ಹಾಗೆ ಮಾಡಿ ಇಡೀ ಮಧ್ಯಾಹ್ನ ಯಾರ ಕಾಲೂ ಬರಲಿಲ್ಲ, ಬ್ಯಾಂಕಿನ ಒಟಿಪಿಯೂ ಬರಲಿಲ್ಲ. ಡೇಟಾ ಆಫ್ ಮಾಡಿದರೆ ಕಾಲ್ ನಿಂತುಹೋಗುತ್ತೆ ಅಂತ ಹೆದರುವವರು ಜಾಸ್ತಿ. ನಿಲ್ಲುವುದಿಲ್ಲ. 4ಜಿ ಸಿಮ್ಮಿನ ಮಾಮೂಲಿ ಕಾಲ್ ನಿಮ್ಮ ಡೇಟಾ ಪ್ಯಾಕನ್ನು ಮುಟ್ಟುವುದೇ ಇಲ್ಲ.

ಬಟನ್ ಆಫ್ ಮಾಡಿದರೆ ಮುಗಿಯಿತಲ್ವಾ ಅಂದರೆ, ಇಲ್ಲ. ಯಾವತ್ತೋ ಪೇಟೆಗೆ ಹೋದಾಗ ಆನ್ ಮಾಡುತ್ತೀರಿ, ಮರೆಯುತ್ತೀರಿ. ಅದಕ್ಕೆ ಆ ಜಿಗಿಯುವ ಚಾಳಿಯನ್ನೂ ಬಿಡಿಸಬೇಕು. ಸ್ಯಾಮ್‌ಸಂಗ್‌ನಲ್ಲಿ ವೈಫೈ ಪುಟದ ಮೇಲಿನ ಮೂರು ಚುಕ್ಕಿ ಒತ್ತಿ, 'ಇಂಟೆಲಿಜೆಂಟ್ ವೈಫೈ' ಒಳಗೆ 'ಸ್ವಿಚ್ ಟು ಮೊಬೈಲ್ ಡೇಟಾ' ಆಫ್ ಮಾಡಿ. ರೆಡ್ಮಿ ಥರದ ಫೋನಿನಲ್ಲಿ 'ವೈಫೈ ಅಸಿಸ್ಟೆಂಟ್' ಅಂತ ಹುಡುಕಿ. ಐಫೋನಿನಲ್ಲಿ ಮೊಬೈಲ್ ಡೇಟಾ ಪುಟದ ತೀರಾ ಕೆಳಗೆ 'ವೈಫೈ ಅಸಿಸ್ಟ್' ಇದೆ. ಅಷ್ಟು ಕೆಳಗೆ ಯಾರೂ ಹೋಗುವುದಿಲ್ಲ, ನೀವು ಹೋಗಿ. ಜೊತೆಗೆ ಪ್ಲೇ ಸ್ಟೋರಿನಲ್ಲಿ ಡೌನ್‌ಲೋಡ್ ವೈಫೈಯಲ್ಲಿ ಮಾತ್ರ ಅಂತ ಇಡಿ. ವಾಟ್ಸಾಪ್‌ನ 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ಮೊಬೈಲ್ ಡೇಟಾ ಕೆಳಗಿನ ಎಲ್ಲ ಟಿಕ್ ತೆಗೆಯಿರಿ.

ಒಂದು ವಾರ ಬಿಟ್ಟು ಸೆಟ್ಟಿಂಗ್ಸ್‌ನ ಡೇಟಾ ಬಳಕೆ ಪುಟ ತೆರೆಯಿರಿ. ಯಾವ ಆ್ಯಪ್ ಎಷ್ಟು ಎಳೆದಿದೆ ಅಂತ ಸಾಲಾಗಿ ತೋರಿಸುತ್ತದೆ. ಆ ವಾರದ ಲೆಕ್ಕ ಸೊನ್ನೆ ಇರಬೇಕು. ದೊಡ್ಡಪ್ಪನ ಫೋನಿನಲ್ಲಿ ಮೊದಲು ಯೂಟ್ಯೂಬ್ ಒಂದೇ ತಿಂಗಳಿಗೆ 9 ಜಿಬಿ ತಿಂದಿತ್ತು.

ಹಿಂದಿನ ಕೋಣೆಗೆ ವೈಫೈ ಮುಟ್ಟುತ್ತಿಲ್ಲ ಅಂದರೆ ರೂಟರನ್ನು ಟಿವಿ ಹಿಂದಿನಿಂದ, ಶೋಕೇಸ್ ಒಳಗಿನಿಂದ ಹೊರಗೆ ತನ್ನಿ. ಮನೆಯ ನಡುವೆ, ಎತ್ತರದಲ್ಲಿ ಇಡಿ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಹೆಸರಿನ ವೈಫೈಯನ್ನೇ ಆರಿಸಿ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಪ್ಲಗ್ಗಿಗೆ ಚುಚ್ಚುವ ಅಗ್ಗದ ಬೂಸ್ಟರ್ ತರಬೇಡಿ. ನಾನು ತಂದದ್ದು ತಿಂಗಳೊಳಗೆ ಮೂಲೆ ಸೇರಿತು. ಆ ದುಡ್ಡಿಗೆ ರೂಟರಿನ ಚಿಕ್ಕ ಯುಪಿಎಸ್ ತನ್ನಿ, ಕರೆಂಟ್ ಹೋದಾಗ ಅದು ಕೈ ಹಿಡಿಯುತ್ತದೆ. ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ 12 ವೋಲ್ಟಿನದ್ದನ್ನೇ ಕೊಳ್ಳಿ. ಸಿಗ್ನಲ್ ಕಮ್ಮಿ ಇರುವ ಮನೆಯಲ್ಲಿ ಸಿಮ್ ಸೆಟ್ಟಿಂಗ್ಸ್‌ನ 'ವೈಫೈ ಕಾಲಿಂಗ್' ಆನ್ ಮಾಡಿಕೊಳ್ಳಿ, ಮಾಮೂಲಿ ಕಾಲುಗಳೇ ವೈಫೈ ಮೂಲಕ ಬರುತ್ತವೆ. 'ಉಚಿತ ಇಂಟರ್ನೆಟ್' ಕೊಡ್ತೀವಿ ಅನ್ನುವ ಆ್ಯಪ್ ಯಾವುದನ್ನೂ ಹಾಕಬೇಡಿ. ಜಾಹೀರಾತು ಬಿಟ್ಟು ಬೇರೇನೂ ಸಿಗದು.

ಹೊರಗೆ ಹೋಗುವ ದಿನಕ್ಕೆ ಮನೇಲೇ ತಯಾರಾಗಿ. ಗೂಗಲ್ ಮ್ಯಾಪ್ಸ್‌ನಲ್ಲಿ ಮೈಸೂರು, ಮಂಡ್ಯದ ನಕ್ಷೆ ಆಫ್‌ಲೈನ್ ಇಳಿಸಿಕೊಳ್ಳಿ. ಬೇಕಾದ ಟಿಕೆಟ್, ಕಾಗದಪತ್ರ ಫೋನಿನಲ್ಲೇ ಉಳಿಸಿಕೊಳ್ಳಿ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವು ಕೊಂಡು, ಕ್ಯೂಆರ್ ಮುಂದೆ ನೆಟ್ ಇಲ್ಲದೆ ನಿಲ್ಲುವಂತಾಗಬಾರದು. ಜೇಬಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ಇರಲಿ. *99# ಒತ್ತಿ ನೆಟ್ ಇಲ್ಲದೆಯೂ ಯುಪಿಐ ಕಳಿಸಬಹುದು, ಒಂದು ಸಲಕ್ಕೆ 5,000 ರೂಪಾಯಿವರೆಗೆ. ನಿಮ್ಮ ಸಿಮ್ಮಿನಲ್ಲಿ ಅದು ನಡೆಯುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಮೈಸೂರು ರೈಲ್ವೆ ಸ್ಟೇಷನ್ನಿನಲ್ಲಿ ರೈಲ್ವೆಯದೇ ಕಂಪನಿಯಾದ ರೈಲ್‌ಟೆಲ್‌ನ ವೈಫೈ ದಿನಕ್ಕೆ 30 ನಿಮಿಷ ಉಚಿತ. ಸೇರಿದ ಮೇಲೆ ನಂಬರ್ ಕೇಳುವ ಪುಟ ತೆರೆದುಕೊಳ್ಳುತ್ತದೆ, ಎಸ್ಸೆಮ್ಮೆಸ್ಸಿನಲ್ಲಿ ಬಂದ ಒಟಿಪಿ ಹಾಕಬೇಕು. ಪುಟ ತಾನಾಗಿ ಬರದಿದ್ದರೆ ವೈಫೈ ಹೆಸರಿನ ಮೇಲೆ ಇನ್ನೊಮ್ಮೆ ಒತ್ತಿ. ಅಲ್ಲಿ ಸುದ್ದಿ ಓದಿ, ವಾಟ್ಸಾಪ್ ನೋಡಿ. ಬ್ಯಾಂಕಿನ ಕೆಲಸ ಮಾತ್ರ ಬೇಡ.

ಈಗ ಪ್ಯಾಕ್. ಒಂದು ತಿಂಗಳು ಲೆಕ್ಕ ಸೊನ್ನೆ ಬಂದ ಮೇಲೆಯೇ ಇದಕ್ಕೆ ಕೈ ಹಾಕಿ. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಟ್ರಾಯ್ ನಿಯಮ ತಂದು, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು. ಇಂಥ ವೋಚರ್‌ಗಳ ಅವಧಿಯ ಮಿತಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಆದರೆ ಆ್ಯಪ್ ತೆರೆದರೆ ಮೊದಲು ಕಾಣುವುದು ಡೇಟಾ ಪ್ಯಾಕುಗಳೇ. 'ವಾಯ್ಸ್ ಓನ್ಲಿ' ಅಂತ ಹುಡುಕಿ ಕೆಳಗೆ ಹೋಗಿ. ಅಂಗಡಿಯಲ್ಲಿ ಹಾಕಿಸುವವರು "ಡೇಟಾ ಬೇಡ, ಕಾಲಿಂದು ಮಾತ್ರ" ಅಂತ ಬಾಯಿಬಿಟ್ಟು ಕೇಳಿ. ಸುಮ್ನೆ ದುಡ್ಡು ಕೊಟ್ಟರೆ ಮಾಮೂಲಿಯದ್ದನ್ನೇ ಹಾಕಿಬಿಡುತ್ತಾರೆ. ಎಸ್ಸೆಮ್ಮೆಸ್ ಇರುವ ಪ್ಯಾಕೇ ಇರಲಿ, ಯಾಕೆಂದರೆ ಹೊಸ ಫೋನಿಗೆ ಯುಪಿಐ ಹಾಕುವಾಗ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು.

ಡೇಟಾ ಪ್ಯಾಕ್ ಇಲ್ಲದಾಗ ಮೊಬೈಲ್ ಡೇಟಾ ಬಟನ್ ಕೈತಪ್ಪಿ ಆನ್ ಆದರೆ ಮುಖ್ಯ ಬ್ಯಾಲೆನ್ಸಿಗೆ ಕತ್ತರಿ ಬೀಳಬಹುದು. ಬ್ಯಾಲೆನ್ಸ್ ಇಟ್ಟಿರುವವರು 1925ಕ್ಕೆ ಕಾಲ್ ಮಾಡಿ ಸಿಮ್ಮಿನ ಇಂಟರ್ನೆಟ್ಟನ್ನೇ ನಿಲ್ಲಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ.

ದೊಡ್ಡಪ್ಪ ಈಗ 84 ದಿನದ ಕಾಲ್ ಪ್ಯಾಕ್ ಹಾಕಿಸಿದ್ದಾರೆ. ಮುಗಿಯುವ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ನೀವೂ ಬರೆದಿಡಿ. ತಾರೀಖು ದಾಟಿದರೆ ವೈಫೈ ನಡೆಯುತ್ತಲೇ ಇರುತ್ತದೆ, ಆದರೆ ಒಟಿಪಿ ಬರುವುದು ನಿಂತುಹೋಗಬಹುದು.